ಮಸಾಯಿ ಮಾರಾ ಸಫಾರಿಗೆ ಅಡ್ವಾನ್ಸ್ ಕಟ್ಟೋ ಮೊದಲು ಇದನ್ನು ಓದಿ

"ಪಾರ್ಕ್ ಫೀ ಎಲ್ಲಾ ಸೇರಿದೆ ಸರ್." ಈ ಒಂದು ಮಾತು ನಂಬಿ ನಾವು ನಾಲ್ಕು ಜನ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದ ಗೇಟಿನ ಮುಂದೆ ನಿಂತು ಮತ್ತೆ 800 ಡಾಲರ್ ಕಟ್ಟಿದ್ದೇವೆ. ಹತ್ತಿರ ಹತ್ತಿರ 70 ಸಾವಿರ ರೂಪಾಯಿ. ಸಾಲದ್ದಕ್ಕೆ ಪ್ಯಾಕೇಜಿನಲ್ಲಿ ಬರೆದಿದ್ದ ಸಫಾರಿಗಳಲ್ಲಿ ಎರಡು ಕೈತಪ್ಪಿದವು. ಏಜೆಂಟ್ ಬೆಂಗಳೂರಿನವನೇ, ಕನ್ನಡದಲ್ಲೇ ಮಾತಾಡಿ ವ್ಯವಹಾರ ಮುಗಿಸಿದವನು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಆದರೆ ಅವನು ಹಾಕಿದ ಲೆಕ್ಕ ಎಲ್ಲರಿಗೂ ಗೊತ್ತಾಗಲಿ. ಇದೇ ಲೆಕ್ಕದ ಪ್ಯಾಕೇಜುಗಳು ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತಿವೆ.

ಮೊದಲು ಶುಲ್ಕದ ವಿಷಯ. ಮಾರಾ ರಿಸರ್ವ್ ಇರುವುದು ನಾರೋಕ್ ಕೌಂಟಿ ಸರ್ಕಾರದ ಕೈಯಲ್ಲಿ. ನಕುರು, ತ್ಸಾವೊ ಪಾರ್ಕುಗಳ ಥರ ಕೀನ್ಯಾ ವೈಲ್ಡ್‌ಲೈಫ್ ಸರ್ವಿಸ್ ಅಡಿಯಲ್ಲಿ ಬರುವುದಿಲ್ಲ. 2024ರಿಂದ ಹೊರದೇಶದ ದೊಡ್ಡವರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್. ಹುಲ್ಲೆ ಜಾತಿಯ ವೈಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟುವ ಕಾಲಕ್ಕೆ ದರ ಡಬಲ್ ಅಂತ ನೆನಪಿಟ್ಟುಕೊಳ್ಳಿ. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, ಬರೀ 12 ಗಂಟೆ. 24 ಗಂಟೆ ಅಲ್ಲ! ಗೇಟಿನ ಹೊರಗಿನ ಕ್ಯಾಂಪಿನಲ್ಲಿ ಉಳಿದರೆ ಒಳಗೆ ಹೋದ ಪ್ರತಿ ದಿನಕ್ಕೂ ಹೊಸ ಟಿಕೆಟ್. ಒಳಗೇ ಉಳಿದವರು ಮಾತ್ರ ಕೊನೆಯ ದಿನ ಬೆಳಿಗ್ಗೆ 10ರೊಳಗೆ ಹೊರಬಿದ್ದರೆ ಆ ದಿನದ್ದು ಕಟ್ಟಬೇಕಿಲ್ಲ. ಅಂದರೆ ಅದೇ ಮೂರು ರಾತ್ರಿ, ಒಳಗಿದ್ದರೆ ಮೂರು ಟಿಕೆಟ್, ಹೊರಗಿದ್ದು ನಾಲ್ಕೂ ದಿನ ಸಫಾರಿ ಮಾಡಿದರೆ ನಾಲ್ಕು ಟಿಕೆಟ್. ಕ್ಯಾಂಪ್ ಎಲ್ಲಿದೆ ಅನ್ನುವುದು ಹಾಸಿಗೆ ದಿಂಬಿನ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ.

ಅವನು ಕಳಿಸಿದ ಕಾಗದದಲ್ಲಿ ಹೀಗಿತ್ತು: ಸೆಪ್ಟೆಂಬರ್, ಮೂರು ರಾತ್ರಿ ನಾಲ್ಕು ಹಗಲು, "ಮಾರಾ ಒಳಗೆ" ಟೆಂಟ್ ಕ್ಯಾಂಪ್, ಮೊದಲ ದಿನ ಸಂಜೆ ಸಫಾರಿ, ಎರಡು ಪೂರ್ತಿ ದಿನ, ನಾಲ್ಕನೇ ದಿನ ಮುಂಜಾನೆ ಸಫಾರಿ, ನಮಗೇ ಪ್ರತ್ಯೇಕ ಲ್ಯಾಂಡ್ ಕ್ರೂಸರ್, ಪಾರ್ಕ್ ಫೀ ಸೇರಿದೆ. ಕ್ಯಾಂಪ್ ನಿಜವಾಗಿ ಇದ್ದದ್ದು ಸೆಕೆನಾನಿ ಗೇಟಿನ ಹೊರಗೆ. ಹಾಗಾದರೆ ಲೆಕ್ಕ ಎಷ್ಟಾಗಬೇಕು? ತಲೆಗೆ 200, ನಾಲ್ಕು ದಿನ, ನಾಲ್ಕು ಜನ, ಒಟ್ಟು 3200 ಡಾಲರ್. ಅವನು ಕೀನ್ಯಾದ ಆಪರೇಟರ್‌ಗೆ ಕಳಿಸಿದ್ದು ಎಷ್ಟು? 800 ಡಾಲರ್. ಅಂದರೆ ತಲೆಗೆ 100ರಂತೆ ಎರಡೇ ದಿನದ್ದು. ಸೆಪ್ಟೆಂಬರ್ ಪ್ರವಾಸಕ್ಕೆ ಜೂನ್ ದರ ಹಾಕಿ, ನಾಲ್ಕು ದಿನದ ಸಫಾರಿ ಬರೆದು ಎರಡು ದಿನದ ದುಡ್ಡು ಕಳಿಸಿದ್ದಾನೆ. ದರಪಟ್ಟಿ ನಮಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಮೊತ್ತವನ್ನು ಬಿಡಿಸಿ ಕೇಳಲಿಲ್ಲ. ಅದೇ ಈಗಲೂ ಹೊಟ್ಟೆ ಉರಿಸುವ ವಿಷಯ.

ಗೊತ್ತಾದದ್ದು ಗೇಟಿನಲ್ಲೇ. ನೈರೋಬಿಯಿಂದ ನಾರೋಕ್ ದಾಟಿ ಸೆಕೆನಾನಿಗೆ ಸುಮಾರು 270 ಕಿ.ಮೀ., ಐದಾರು ಗಂಟೆ. ತಲುಪಿದಾಗ ನಾಲ್ಕು ಗಂಟೆ. ಟಿಕೆಟ್ ಕಿಟಕಿಗೆ ಹೋದ ಡ್ರೈವರ್ ವಾಪಸ್ ಬಂದು, ಬಹಳ ಸಂಕೋಚದಿಂದ, "ಇವತ್ತು ಒಳಗೆ ಹೋದರೆ ನಾಳೆಗೆ ದುಡ್ಡು ಉಳಿಯುವುದಿಲ್ಲ" ಅಂದ. ಆ ಮನುಷ್ಯನದ್ದು ತಪ್ಪಿಲ್ಲ. ಅವನ ಕೈಗೆ ಕೊಟ್ಟದ್ದೇ ಅಷ್ಟು. ಅವನ ಕೈಲಿದ್ದ 800 ಡಾಲರ್ ನಾಲ್ವರಿಗೆ ಸರಿಯಾಗಿ ಒಂದೇ ಒಂದು ದಿನಕ್ಕೆ ಸಾಕು!

ಬೆಂಗಳೂರಿನಲ್ಲಿ ಆಗ ಸಂಜೆ ಆರೂವರೆ, ಏಜೆಂಟ್ ಫೋನ್ ಎತ್ತಿದ. ಮೊದಲ ಉತ್ತರ: "ಫೀ ಈಗ ತಾನೇ ಏರಿಸಿದ್ದಾರೆ ಸರ್, ಸರ್ಕಾರದ ನಿರ್ಧಾರ, ನಮ್ಮ ಕೈಲಿಲ್ಲ." ಸುಳ್ಳು. 2024ರಿಂದ ಇರುವ ದರ ಅದು. ದರದ ಪಟ್ಟಿ ಫೋಟೋ ತೆಗೆದು ಕಳಿಸಿದ ಮೇಲೆ ಎರಡನೇ ಉತ್ತರ: "ಸಂಜೆ ಡ್ರೈವ್ ಅಂದ್ರೆ ಕ್ಯಾಂಪ್ ಸುತ್ತಮುತ್ತ ಅಂತ ಸರ್, ಪಾರ್ಕ್ ಒಳಗೆ ಅಂತ ನಾವು ಹೇಳೇ ಇಲ್ಲ." ಕ್ಯಾಂಪ್ ಒಳಗಿದೆ ಅಂದಿದ್ರಲ್ಲ ಅಂತ ಕೇಳಿದರೆ, "ಮಾರಾ ಅಂದ್ರೆ ಎಲ್ಲಾ ಮಾರಾನೇ ಸರ್. ಗೇಟಿಂದ ಹತ್ತು ನಿಮಿಷ." ಕೊನೆಗೆ, "ಈಗ ನೀವೇ ಕಟ್ಬಿಡಿ, ಬಂದ್ಮೇಲೆ ಅಡ್ಜಸ್ಟ್ ಮಾಡೋಣ." ಮೂರು ಗಂಟೆ ಪ್ರಯಾಣ ಮಾಡಿ ಬಂದವನು ಗೇಟಿನಿಂದ ವಾಪಸ್ ಹೋಗಬಹುದು. ಸಮುದ್ರ ದಾಟಿ ಬಂದವರು ಹೋಗುವುದೆಲ್ಲಿಗೆ? ಅವನಿಗೆ ಅದು ಚೆನ್ನಾಗಿ ಗೊತ್ತು.

ಕಟ್ಟಿದೆವು. ಮೊದಲ ದಿನದ ಸಂಜೆ, ಕೊನೆ ದಿನದ ಮುಂಜಾನೆ ಎರಡೂ ಬಿಟ್ಟು, ನಡುವಿನ ಎರಡು ದಿನಕ್ಕೆ 1600. ಅದರಲ್ಲಿ 800 ನಮ್ಮ ಕಾರ್ಡಿನಿಂದ. ನಿಜ ಹೇಳಬೇಕೆಂದರೆ ಹೊರಗೆ ಉಳಿಯುವವರಿಗೆ ಲೆಕ್ಕದಲ್ಲಿ ಸರಿಯಾದ ದಾರಿಯೂ ಅದೇ. ಸಂಜೆ ಎರಡು ಗಂಟೆ ಸುತ್ತಾಟಕ್ಕೆ ತಲೆಗೆ 200 ಡಾಲರ್ ಕೊಡುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ 6ಕ್ಕೆ ಗೇಟ್ ತೆರೆದ ಕೂಡಲೇ ಬುತ್ತಿ ಕಟ್ಟಿಸಿಕೊಂಡು ಹೊರಟು ಸಂಜೆವರೆಗೂ ಒಳಗೇ ಇರಿ. ಆದರೆ ಇದನ್ನು ಬುಕಿಂಗ್ ಸಮಯದಲ್ಲೇ ಹೇಳಬೇಕಾದವನು ಅವನು.

ಗಾಡಿ ಇನ್ನೊಂದು ಮೋಸ. ಫೋಟೋದಲ್ಲಿ ಲ್ಯಾಂಡ್ ಕ್ರೂಸರ್, ಬಂದದ್ದು ಹಯೇಸ್ ವ್ಯಾನ್. ಕೇಳಿದರೆ, "ಎರಡರಲ್ಲೂ ಮೇಲ್ಗಡೆ ಓಪನ್ ಆಗುತ್ತಲ್ಲ ಸರ್, ಏನ್ ವ್ಯತ್ಯಾಸ?" ವ್ಯತ್ಯಾಸ ಇದೆ. ಮಾರಾದಲ್ಲಿ ಬಹಳ ಕಡೆ ಎರೆಮಣ್ಣು. ಗದಗ, ನವಲಗುಂದದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಒಂದು ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಎರಡು ಗಾಲಿಗಷ್ಟೇ ಎಳೆತ ಇರುವ ವ್ಯಾನ್ ಇಂಥ ಕಡೆ ಮುಖ್ಯ ರಸ್ತೆ ಬಿಟ್ಟು ಇಳಿಯುವುದಿಲ್ಲ, ಇಳಿದರೆ ಬೇರೆಯವರು ಹಗ್ಗ ಕಟ್ಟಿ ಎಳೆಯಬೇಕು. ನಮ್ಮದೂ ಹೂತುಕೊಂಡಿತು, ಎರಡನೇ ದಿನ ಮಧ್ಯಾಹ್ನ. ದಿನಕ್ಕೆ 200 ಡಾಲರ್ ಟಿಕೆಟ್ ಇಟ್ಟುಕೊಂಡು ಕೆಸರಿನಲ್ಲಿ ಒಂದೂವರೆ ಗಂಟೆ.

ಇನ್ನು ನದಿ ದಾಟುವ ದೃಶ್ಯ "ಗ್ಯಾರಂಟಿ" ಅಂದಿದ್ದ. ಯಾರೂ ಗ್ಯಾರಂಟಿ ಕೊಡಲಾಗದ ವಿಷಯ ಅದು. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹಿಂಡುಗಳು ಮಾರಾ ಕಡೆ ಇರುತ್ತವೆ, ಮಳೆ ಎಲ್ಲಿ ಬಿದ್ದಿದೆಯೋ ಅದರ ಹಿಂದೆ ಹೋಗುತ್ತವೆ, ನದಿ ದಂಡೆಗೆ ಬಂದು ಗಂಟೆಗಟ್ಟಲೆ ನಿಂತು ಹಾಗೇ ತಿರುಗಿ ಹೋಗುವುದೂ ಉಂಟು. ಸೆಕೆನಾನಿ ಗೇಟಿನಿಂದ ನದಿಗೆ ಹೋಗಲಿಕ್ಕೇ ಸುಮಾರು ಎರಡು ಗಂಟೆ ಬೇಕು. ಸಂಜೆ 6ಕ್ಕೆ ಹೊರಗಿರಬೇಕು ಅಂದರೆ ನದಿ ಬಳಿ ಕಾಯಲು ಎಷ್ಟು ಹೊತ್ತು ಉಳಿಯಿತು, ನೀವೇ ಲೆಕ್ಕ ಹಾಕಿ. ನದಿಗಾಗಿಯೇ ಹೋಗುವವರು ನದಿ ಹತ್ತಿರದ ಕ್ಯಾಂಪೇ ಕೇಳಿ. ಈ ಪ್ರಶ್ನೆ ಎತ್ತಿದಾಗ ಅವನ ಉತ್ತರ: "ಕಾಡುಪ್ರಾಣಿಗಳಿಗೆ ನಾವು ಹೇಳಕ್ಕಾಗುತ್ತಾ ಸರ್?" ದುಡ್ಡು ತಗೊಳ್ಳುವಾಗ ಗ್ಯಾರಂಟಿ ಕೊಟ್ಟ ಬಾಯಿ ಅದೇ.

"ಕೀನ್ಯಾ ವೀಸಾ" ಅಂತ ತಲೆಗೆ 7,500 ರೂಪಾಯಿ ಬೇರೆ. ಜನವರಿ 2024ರಿಂದ ಕೀನ್ಯಾಕ್ಕೆ ವೀಸಾ ಇಲ್ಲವೇ ಇಲ್ಲ, ಆನ್‌ಲೈನ್ ಪ್ರಯಾಣ ಅನುಮತಿ (ಇಟಿಎ) ಅಷ್ಟೇ, 30 ಡಾಲರ್ ಚಿಲ್ಲರೆ. ಸರ್ಕಾರದ ಸೈಟಿನ ವಿಳಾಸ ಡಾಟ್ ಗೋ ಡಾಟ್ ಕೆಇ (.go.ke) ಅಂತ ಮುಗಿಯುತ್ತದೆ. ಅದೇ ಥರ ಕಾಣುವ ಖಾಸಗಿ ಸೈಟುಗಳು ಬೇಕಾದಷ್ಟಿವೆ, ನೋಡಿಕೊಳ್ಳಿ. ನೀವೇ ಹಾಕಿ, ಪಾಸ್‌ಪೋರ್ಟ್, ಫೋಟೋ, ಟಿಕೆಟ್, ಹೋಟೆಲ್ ಬುಕಿಂಗ್ ಸಾಕು.

ಎಲ್ಲಕ್ಕಿಂತ ಅಪಾಯದ ಮಾತು ಅವನು ಆಡಿದ್ದು ಹಳದಿ ಜ್ವರದ ಲಸಿಕೆ ಬಗ್ಗೆ. "ಇಂಡಿಯಾದಿಂದ ಹೋಗೋರಿಗೆ ಕೀನ್ಯಾದಲ್ಲಿ ಕೇಳಲ್ಲ ಸರ್, ಬೇಡ." ಅಲ್ಲಿ ಕೇಳುವುದಿಲ್ಲ, ನಿಜ. ಕೇಳುವುದು ವಾಪಸ್ ಬಂದಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಕೀನ್ಯಾದಿಂದ ಬಂದವರ ಹತ್ತಿರ ಲಸಿಕೆ ಪ್ರಮಾಣಪತ್ರದ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲೇ ಪ್ರಮಾಣಪತ್ರ ಊರ್ಜಿತ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಅಲ್ಲಿ ಲಸಿಕೆ ದಿನಾ ಸಿಗುತ್ತದೆ ಅಂದುಕೊಳ್ಳಬೇಡಿ. ಹೊರಡುವ ತಿಂಗಳ ಮುಂಚೆಯೇ ಮುಗಿಸಿ. ಈ ಒಂದು ವಿಷಯದಲ್ಲಿ ಅವನ ಮಾತು ಕೇಳದೆ ಬಚಾವಾದೆವು.

ದುಡ್ಡು ಕೊಡುವ ಮೊದಲು ಕೇಳಬೇಕಾದ್ದು ಇಷ್ಟು. ಪಾರ್ಕ್ ಫೀಯನ್ನು ಬೇರೆ ಸಾಲಿನಲ್ಲಿ ಬರೆಸಿ: ಎಷ್ಟು ಟಿಕೆಟ್, ಯಾವ ದಿನಾಂಕ, ಯಾವ ದರ, ಯಾವ ಗೇಟ್. ಕ್ಯಾಂಪಿನ ಮ್ಯಾಪ್ ಲೊಕೇಷನ್ ತರಿಸಿ, ಗೇಟಿನ ಯಾವ ಕಡೆ ಇದೆ ಅಂತ ನೀವೇ ನೋಡಿ. ಹೆಸರಲ್ಲಿ ಮಾರಾ ಇದ್ದ ಮಾತ್ರಕ್ಕೆ ಒಳಗಿರುವುದಿಲ್ಲ. ರಿಸರ್ವ್ ಪಕ್ಕದ ಖಾಸಗಿ ಸಂರಕ್ಷಿತ ಪ್ರದೇಶಗಳಿಗೆ (ಕನ್ಸರ್ವೆನ್ಸಿ) ಬೇರೆ ಶುಲ್ಕ, ಬೇರೆ ನಿಯಮ, ಅದನ್ನೂ ಕೇಳಿ. ಗಾಡಿ "4×4 ಲ್ಯಾಂಡ್ ಕ್ರೂಸರ್, ಬೇರೆ ಪ್ರಯಾಣಿಕರಿಲ್ಲ" ಅಂತ ಇನ್‌ವಾಯ್ಸ್‌ನಲ್ಲೇ ಇರಲಿ, ಚಾಟ್‌ನಲ್ಲಿ ಅಲ್ಲ. ಗಾಡಿ ಕೊಡುವ ಕೀನ್ಯಾದ ಕಂಪನಿ ಹೆಸರು ಹೇಳಲೇಬೇಕು ಅನ್ನಿ. ಅಲ್ಲಿನ ಟೂರ್ ಆಪರೇಟರ್‌ಗಳ ಸಂಘ ಕಾಟೋದ ಸದಸ್ಯರ ಪಟ್ಟಿಯಲ್ಲಿ ಅದು ಇದೆಯಾ ನೋಡಿ. ಕ್ಯಾಂಪಿಗೆ ನೇರ ಇಮೇಲ್ ಹಾಕಿ ನಿಮ್ಮ ಹೆಸರಲ್ಲಿ ಬುಕಿಂಗ್ ಆಗಿದೆಯಾ ಕೇಳಿ, ಒಂದೆರಡು ದಿನದಲ್ಲಿ ಉತ್ತರ ಬರುತ್ತದೆ. ನಿಮ್ಮ ಕಾರ್ಡ್‌ನಲ್ಲಿ ಹೊರದೇಶದ ವ್ಯವಹಾರ ಆನ್ ಮಾಡಿಟ್ಟುಕೊಳ್ಳಿ. ನಮ್ಮದು ಆನ್ ಇರದಿದ್ದರೆ ಆ ಎರಡು ದಿನದಲ್ಲಿ ಒಂದು ದಿನ ಕ್ಯಾಂಪಿನಲ್ಲೇ ಕೂರಬೇಕಿತ್ತು.

ಅಡ್ವಾನ್ಸ್ ಯಾರದೋ ವೈಯಕ್ತಿಕ ಯುಪಿಐಗೆ ಹಾಕಬೇಡಿ. ನಾವು ಹಾಕಿದ್ದೆವು, ಮೇ ತಿಂಗಳಲ್ಲಿ, ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಸೇರಿಸಿ. ಹೊರದೇಶದ ಟೂರ್ ಪ್ಯಾಕೇಜ್‌ಗೆ ಟಿಸಿಎಸ್ ತಗೊಂಡವರು ಅದನ್ನು ನಮ್ಮ ಪ್ಯಾನ್‌ಗೆ ಕಟ್ಟಬೇಕು, ಏಪ್ರಿಲ್‌ನಿಂದ ಜೂನ್‌ವರೆಗಿನದರ ರಿಟರ್ನ್ ಜುಲೈ 15ರೊಳಗೆ ಹಾಕಬೇಕು, ಆಮೇಲೆ ಅದು ನಮ್ಮ ಹೆಸರಿನ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲಿ ಕಾಣಬೇಕು. ಊರಿಗೆ ಬಂದು ತೆಗೆದು ನೋಡಿದರೆ ಆ ಸಾಲೇ ಇಲ್ಲ. ಕೇಳಿದ್ದಕ್ಕೆ "ಆಡಿಟರ್ ನೋಡ್ತಿದಾರೆ ಸರ್" ಅಂದ. 800 ಡಾಲರ್ ಬಗ್ಗೆ ಕೇಳಿದ್ದಕ್ಕೆ "ಮುಂದಿನ ಟ್ರಿಪ್‌ನಲ್ಲಿ ಐದು ಸಾವಿರ ಕಡಿಮೆ ಮಾಡಿಕೊಡ್ತೀನಿ" ಅಂದ. ಅದಾದ ಮೇಲೆ ಫೋನ್ ಎತ್ತಿಲ್ಲ.