ನೀರಿನಿಂದ ಶುರುವಾಗುವ ಬೀದರ್ ನಡಿಗೆ

ಬೀದರಿನ ಮಾರ್ಗದರ್ಶಕರೊಬ್ಬರು ಭಾನುವಾರಗಳಂದು ನಡೆಸಿಕೊಡುವ ಅರ್ಧ ದಿನದ ಪಾರಂಪರಿಕ ನಡಿಗೆಗೆ ಕಳೆದ ತಿಂಗಳು ಕಲಬುರಗಿಯಿಂದ ನಾವು ನಾಲ್ವರು ಹೋಗಿದ್ದೆವು. ಇಂತಹ ಪ್ರವಾಸಗಳು ಸಾಮಾನ್ಯವಾಗಿ ಕೋಟೆಯ ಬಾಗಿಲಲ್ಲಿ ಆರಂಭವಾಗಿ ಸುಲ್ತಾನರ ವಂಶಾವಳಿಯಲ್ಲಿ ಮುಗಿಯುತ್ತವೆ. ಇವರು ಮಾತ್ರ ನಮ್ಮನ್ನು ಮೊದಲು ಕರೆದೊಯ್ದದ್ದು ನೌಬಾದಿನ ಸುರಂಗ ಬಾವಿಗೆ. ಮೇಲಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿನ ಪದರಕ್ಕೆ ತಡೆದು ನಿಲ್ಲುತ್ತದೆ ಎಂಬುದನ್ನೂ, ಆ ನೀರನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿ ಸಾಲುಬಾವಿಗಳ ಮೂಲಕ ಮೇಲೆತ್ತುತ್ತಿದ್ದ ಕರೇಜ್ ಪದ್ಧತಿ ಇರಾನಿನದೆಂಬುದನ್ನೂ ಅವರು ಬಾವಿಯ ಕಟ್ಟೆಯ ಬಳಿ ನಿಂತೇ ತಿಳಿಸಿದರು. 15ನೇ ಶತಮಾನದಲ್ಲಿ ಅಹ್ಮದ್ ಶಾಹ ಬಹಮನಿಯು ಕಲಬುರಗಿಯನ್ನು ಬಿಟ್ಟು ಈ ಎತ್ತರದ ಬಯಲನ್ನು ರಾಜಧಾನಿಯಾಗಿ ಆರಿಸಿಕೊಂಡದ್ದು ಹೇಗೆ ಸಾಧ್ಯವಾಯಿತೆಂಬುದು ಅಲ್ಲಿಯೇ ಅರ್ಧ ಅರ್ಥವಾಗುತ್ತದೆ. (ಕಲಬುರಗಿಯವರಾದ ನಮಗೆ ಆ ಮಾತು ಕೊಂಚ ಚುಚ್ಚಿತೆನ್ನಿ.)

ಕೋಟೆಯಲ್ಲಿ ಅವರು ಹೆಚ್ಚು ಹೊತ್ತು ನಿಲ್ಲಿಸಿದ್ದು ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕದ ಮುಂದೆ. ಅನಂತರ ರಂಗೀನ್ ಮಹಲ್. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯು ಬಹಮನಿಗಳ ಕಾಲದ್ದಲ್ಲ, ಅವರ ನಂತರ ಆಳಿದ ಬರೀದ್ ಶಾಹಿ ಅರಸ ಅಲಿ ಬರೀದನ ಕಾಲದ್ದು ಎಂಬುದನ್ನು ಅವರು ಒತ್ತಿ ಹೇಳಿದರು. ಒಂದೇ ಕೋಟೆಯೊಳಗೆ ಒಂದು ಮನೆತನದ ಗೋಡೆಯ ಮೇಲೆ ಇನ್ನೊಂದು ಮನೆತನದ ರುಚಿ ಬಂದು ಕುಳಿತಿರುವುದು ಹೀಗೆ ತೋರಿಸಿದವರಿಲ್ಲದೆ ಕಣ್ಣಿಗೆ ಬೀಳುವುದಿಲ್ಲ.

ನನ್ನ ತಕರಾರು ಊರಿನ ಭಾಗದ ಬಗ್ಗೆ. ಬೀದಿಗಳು ಕೂಡುವಲ್ಲಿ ನಿಂತಿರುವ ದುಂಡನೆಯ ಗೋಪುರ ಚೌಬಾರಾ ಹಳೆಯ ಊರಿನ ನಡುಬಿಂದು. ಅಲ್ಲಿಂದ ಹೊರಟರೆ ಫತೇ ದರ್ವಾಜಾ, ಶಾಹ್‌ಗಂಜ್ ದರ್ವಾಜಾ, ಮಂಗಲಪೇಟೆ ದರ್ವಾಜಾಗಳ ಕಡೆಗೆ ಊರು ಹೇಗೆ ಹರಡಿತೆಂದು ಕಾಲ್ನಡಿಗೆಯಲ್ಲೇ ಓದಬಹುದಿತ್ತು. ಆದರೆ ಹತ್ತೇ ನಿಮಿಷಗಳಲ್ಲಿ ನಮ್ಮನ್ನು ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಅವಸರಿಸಿ ಕರೆದೊಯ್ಯಲಾಯಿತು. 17ನೇ ಶತಮಾನದ ಕೊನೆಯ ಸ್ಫೋಟದಲ್ಲಿ ಅರ್ಧ ಕುಸಿದ ಆ ಕಟ್ಟಡದ ಉಳಿದ ಒಂದೇ ಮಿನಾರಿನ ಮೇಲೆ ಅಲ್ಲಲ್ಲಿ ಉಳಿದಿರುವ ಬಣ್ಣದ ಹೆಂಚುಗಳ ಮುಂದೆ ಮಾತು ಬೇಕಿಲ್ಲ, ಸಮಯ ಬೇಕು; ಅದೂ ಸಿಗಲಿಲ್ಲ.

ಊರ ಹೊರಗೆ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಸಮಾಧಿ ಗುಂಬಜ್‌ಗಳು ಈ ನಡಿಗೆಯಲ್ಲಿ ಸೇರಿಲ್ಲ. ಮಧ್ಯಾಹ್ನ ನಾವೇ ಆಟೋ ಹಿಡಿದು ಹೋದೆವು. ಅಹ್ಮದ್ ಶಾಹನ ಗುಂಬಜ್‌ನ ಒಳಗಿನ ಚಿತ್ರಗಳನ್ನು ನೋಡಲು ಬ್ಯಾಟರಿ ಜೊತೆಗಿರಲಿ. ಹಾಗೆಯೇ, ಮಾರ್ಗದರ್ಶಕರಿಗೆ ಮೊದಲೇ ಹೇಳಿ ಕೋಟೆಯ ಸಮಯದಲ್ಲಿ ಒಂದು ಗಂಟೆಯನ್ನು ಚೌಬಾರಾಕ್ಕೆ ಬಿಡಿಸಿಕೊಳ್ಳಿ. ನಾನು ಮತ್ತೆ ಹೋಗುವುದಾದರೆ ಹಾಗೆಯೇ ಮಾಡುವೆ.