ಕಬ್ಬಿಣದ ಮಾತ್ರೆ ಪ್ರತ್ಯೇಕವೋ, ಎಲ್ಲವೂ ಒಂದರಲ್ಲೋ?

ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಬಸುರಿಯರು ಕೇಳುವ ಪ್ರಶ್ನೆಯಿದು. ಸರ್ಕಾರಿ ಆರೋಗ್ಯ ಕೇಂದ್ರದ ಉಚಿತ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ; ನಾಲ್ಕನೆಯ ತಿಂಗಳಿಂದ 180 ದಿನ, ದಿನಕ್ಕೊಂದು. ಅಂಗಡಿಯ ದುಬಾರಿ ಮಲ್ಟಿವಿಟಮಿನ್‌ನಲ್ಲಿ ಕಬ್ಬಿಣ ಹಲವೊಮ್ಮೆ ಕಡಿಮೆ, ಹೊಟ್ಟೆಗೇನೋ ಹಗುರ. ಆದರೆ ಅದರಲ್ಲೇ ಬೆರೆತ ಕ್ಯಾಲ್ಸಿಯಂ ಕಬ್ಬಿಣದ ಹೀರುವಿಕೆಗೆ ಅಡ್ಡಗಾಲು ಹಾಕುತ್ತದೆ. ಹಾಗಾಗಿ ನನ್ನ ಒಲವು ಪ್ರತ್ಯೇಕ ಮಾತ್ರೆಗೆ, ಮಲಬದ್ಧತೆಯ ಕಾಟವಿದ್ದರೂ. ಲಿಂಬೆ ಪಾನಕದೊಂದಿಗೆ ನುಂಗಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಟಿಂಗ್ (ಅರ್ಧ ಲೋಟದ) ಚಹಾ ಮಾತ್ರ ಒಂದೆರಡು ಗಂಟೆ ದೂರವಿರಲಿ (ಮುಂಬೈಯಲ್ಲಿ ಇದಕ್ಕಿಂತ ಕಠಿಣ ಪಥ್ಯವಿಲ್ಲ!). ಕ್ಯಾಲ್ಸಿಯಂ ಬೇರೆ ಹೊತ್ತಿನಲ್ಲಿ, ಊಟದ ಜೊತೆ. ಕಬ್ಬಿಣದ ಮಾತ್ರೆ, ಮಲ್ಟಿವಿಟಮಿನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮುನ್ನ ಹಿಮೋಗ್ಲೋಬಿನ್ ವರದಿಯನ್ನು ವೈದ್ಯರಿಗೆ ತೋರಿಸಿ.