ಬಾಗಿಲು ಭರ್ಜರಿ, ವೈಪರ್ ಬೇಜಾರು: 1:18 ಗಲ್‌ವಿಂಗ್ ಡೈಕಾಸ್ಟ್

ಮರ್ಸಿಡಿಸ್ 300 ಎಸ್‌ಎಲ್ ಗೊತ್ತಲ್ವಾ, ಬಾಗಿಲು ರೆಕ್ಕೆ ಥರ ಮೇಲಕ್ಕೆ ತೆರೆಯುವ, ‘ಗಲ್‌ವಿಂಗ್’ ಅಂತ ಕರೆಯುವ ಕಾರು? 1954ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ತೋರಿಸಿದರು. ಆ ರೆಕ್ಕೆ ಬಾಗಿಲಿನ ಕೂಪೆ ತಯಾರಾಗಿದ್ದು ಒಟ್ಟು 1,400 ಮಾತ್ರ. ಹಾಗಾಗಿ ನಮ್ಮಂಥವರಿಗೆ 1:18 ಡೈಕಾಸ್ಟೇ ಗತಿ, ಅಂದರೆ ಮೂಲಕ್ಕಿಂತ 18 ಪಟ್ಟು ಚಿಕ್ಕದಾಗಿ ಲೋಹದಲ್ಲಿ ಅಚ್ಚು ಹಾಕಿದ ಮಾಡೆಲ್. ಉದ್ದ ಸುಮಾರು 25 ಸೆಂಟಿಮೀಟರ್, ಕೈಯಲ್ಲಿ ಹಿಡಿದರೆ ಒಳ್ಳೇ ತೂಕ. ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ಈ ಕಾರಿನ ಬಾಗಿಲು ಸುಮ್ನೆ ಶೋಕಿಗೆ ಮೇಲೆ ಹೋಗುವುದಲ್ಲ. ತೆಳ್ಳಗಿನ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಫ್ರೇಮ್ ಇದರದ್ದು. ಅದು ಗಟ್ಟಿಯಾಗಿರಬೇಕು ಅಂತ ಪಕ್ಕದ ಕೊಳವೆಗಳನ್ನು ಎತ್ತರಕ್ಕೆ ಒಯ್ದರು, ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಹತ್ತಿ ಕೂರುವುದು ಎಷ್ಟು ಕಷ್ಟ ಅಂದರೆ ಸ್ಟೇರಿಂಗನ್ನೇ ಮಡಚುವ ಹಾಗೆ ಮಾಡಿದ್ದರು! ಅದಕ್ಕೇ ನಾನು ಯಾವ 300 ಎಸ್‌ಎಲ್ ಮಾಡೆಲ್ ನೋಡಿದರೂ ಮೊದಲು ಬಾಗಿಲು ಎತ್ತಿ ಕೆಳಗಿನ ಕಟ್ಟೆ ನೋಡುತ್ತೇನೆ. ಅದು ತಗ್ಗಾಗಿದ್ದರೆ ಮಾಡಿದವರಿಗೆ ಕಾರೇ ಅರ್ಥವಾಗಿಲ್ಲ. ಇದರಲ್ಲಿ ಎತ್ತರವೂ ಸರಿ, ಅಗಲವೂ ಸರಿ. ಸ್ಟೇರಿಂಗ್ ಮಾತ್ರ ಮಡಚುವುದಿಲ್ಲ, ಇರಲಿ.

ಬಾನೆಟ್ ಎತ್ತಿದರೆ ಇನ್ನೂ ಖುಷಿ. ಮೂಗು ತಗ್ಗಾಗಿರಲಿ ಅಂತ ಮೂಲ ಕಾರಿನ ಆರು ಸಿಲಿಂಡರ್ ಎಂಜಿನ್ನನ್ನು ಎಡಕ್ಕೆ ವಾಲಿಸಿ ಕೂರಿಸಿದ್ದರು. ಇಲ್ಲೂ ಹಾಗೇ ವಾಲಿದೆ. ಆದರೆ ವೈರು, ಪೈಪು ಎಲ್ಲ ಒಂದೇ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದು, ಸಿಎಂಸಿ ಅನ್ನುವ ದುಬಾರಿ ಕಂಪನಿಯ ಮಾಡೆಲ್‌ಗಳ ಕೈಜೋಡಣೆ ನೋಡಿದವರಿಗೆ ಇದು ರುಚಿಸುವುದಿಲ್ಲ.

ಈಗ ಬೈಗುಳ. ಎಡ ಬಾಗಿಲು ಎತ್ತಿದಲ್ಲಿ ನಿಲ್ಲುತ್ತದೆ, ಬಲದ್ದು ನಿಧಾನಕ್ಕೆ ಇಳಿದು ತಾನೇ ಮುಚ್ಚಿಕೊಳ್ಳುತ್ತದೆ. ಬಾಗಿಲಿಗಾಗಿಯೇ ಕೊಳ್ಳುವ ಕಾರಿನಲ್ಲಿ ಹಿಂಜ್ ಸಡಿಲ ಬಿಟ್ಟರೆ ಹೇಗೆ? ಬೆಳ್ಳಿ ಬಣ್ಣ ದಪ್ಪವಾಗಿ ಬಿದ್ದು ಡಿಕ್ಕಿಯ ಸುತ್ತ ಸಂದೇ ಮುಚ್ಚಿಹೋಗಿದೆ. ಇನ್ನು ವೈಪರ್, ಅಯ್ಯೋ, ಅದನ್ನು 18 ಪಟ್ಟು ದೊಡ್ಡದು ಮಾಡಿ ನೋಡಿದರೆ ದೋಣಿಯ ಹುಟ್ಟು.

ಲೋಹದ ಬದಲು ರೆಸಿನ್ (ಪ್ಲಾಸ್ಟಿಕ್ ಥರದ ಗಟ್ಟಿ ರಾಳ) ಮಾಡೆಲ್ ತಗೊಳ್ಳಬಹುದಲ್ಲ ಅನ್ನಬಹುದು. ಅದರಲ್ಲಿ ಗೆರೆಗಳು ಚೂಪಾಗಿ ಬರುತ್ತವೆ ನಿಜ, ಆದರೆ ಹೆಚ್ಚಿನವುಗಳಲ್ಲಿ ಯಾವುದೂ ತೆರೆಯುವುದಿಲ್ಲ. ಮಾಮೂಲಿ ಬಾಗಿಲಿನ ರೋಲ್ಸ್ ರಾಯ್ಸ್ ಸಿಲ್ವರ್ ಕ್ಲೌಡ್‌ನಂಥ ಕಾರಿಗೆ ಅದು ಸಾಕು, ಗಲ್‌ವಿಂಗ್‌ಗೆ ಸಾಲದು. ತುಂಬಾ ಹಳೆಯ, ಅಂದರೆ ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಡೈಕಾಸ್ಟ್ ಹುಡುಕುವವರು ಮಾತ್ರ ಲೋಹದಲ್ಲಿ ಸಣ್ಣ ಬಿರುಕು, ಉಬ್ಬು ಇದೆಯಾ ನೋಡಿಕೊಳ್ಳಿ. ಸತುವಿನ ಮಿಶ್ರಣದಲ್ಲಿ ಸೀಸ ಸೇರಿದ್ದರೆ ಲೋಹ ಒಳಗಿಂದಲೇ ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ.

ಐದಕ್ಕೆ ಮೂರೂವರೆ. ಒಂದು ಬಲ ಬಾಗಿಲಿಗೆ ಹೋಯಿತು, ಅರ್ಧ ಆ ವೈಪರ್‌ಗೆ.